ಮೊಣಕಾಲೆತ್ತರದ ಟ್ರೇಲರ್

ಸೋಮವಾರ ಬೆಳಿಗ್ಗೆ ನಾಗಪ್ಪನವರ ಮನೆಗೆ ಬಂದ ಪಾಲಾಕ್ಷಪ್ಪ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು, ಐವತ್ತರ ಆಸುಪಾಸಿನ ಮನುಷ್ಯ. ಬಾಗಿಲ ಹತ್ತಿರವೇ ನಿಂತು ಹೇಳಿದ:

"ನನ್ನ ಬೆಸುಗಿ ಬಿಟ್ಟೈತೋ ಇಲ್ಲೋ, ಅಷ್ಟು ನೋಡಿ ಹೇಳ್ರಿ. ಬಿಟ್ಟಿದ್ರ ನಾನ ಅಂಗಡಿ ಮುಚ್ಚತೀನಿ. ಬಿಡದ ಮುಚ್ಚು ಅಂದ್ರ ಹೆಂಗ್ರಿ?"

ನಾಗಪ್ಪನವರು ಕೊಟ್ಟೂರಿನವರು. ಅಪಘಾತವಾದ ಲಾರಿ, ಟ್ರ್ಯಾಕ್ಟರ್‌ಗಳನ್ನು ನೋಡಿ ವಿಮಾ ಕಂಪನಿಗಳಿಗೆ ವರದಿ ಬರೆಯುವುದು ಅವರ ಕೆಲಸ. ನಾನು ಬಸ್ ನಿಲ್ದಾಣದ ಎದುರು ಫೋಟೋ ಸ್ಟುಡಿಯೋ ಇಟ್ಟಿದ್ದೆ. ಜಖಂ ಆದ ವಾಹನಗಳ ಫೋಟೋ ತೆಗೆಯಲು ಅವರ ಜೊತೆ ಹೋಗುತ್ತಿದ್ದೆ. ಎದುರಿಗಿದ್ದವನು ಅಳುತ್ತಿದ್ದರೂ ಅವರು ಮೊದಲು ವಾಹನದ ಅಡಿಗೆ ಹೋಗಿ ಮಲಗುವವರು. ಅದಕ್ಕೆ ಕೆಲವರು ಅವರನ್ನು ಕಲ್ಲೆದೆಯವರು ಎನ್ನುತ್ತಿದ್ದರು. ಆದರೆ ತಕರಾರು ಬಿದ್ದರೆ ಪೊಲೀಸರಿಗಿಂತ ಮೊದಲು ಅವರ ಮನೆಗೇ ಬರುತ್ತಿದ್ದರು.

2001ರಲ್ಲಿ ನಡೆದದ್ದು ಇದು. ತಂಬ್ರಹಳ್ಳಿಯ ಮೈಲಾರೇಶ್ ಕುರಿ ಸಾಕುವ ಮನೆಯವನು, ಇಪ್ಪತ್ತನಾಲ್ಕು ವಯಸ್ಸು. ಮಣ್ಣಿನ ಟ್ರ್ಯಾಕಿನ ಬೈಕ್ ರೇಸುಗಳಲ್ಲಿ ಸುತ್ತಲಿನ ನಾಲ್ಕು ತಾಲ್ಲೂಕಿಗೆ ಅವನೊಬ್ಬನೇ ಹೆಸರು. ಮೂರು ವರ್ಷ ತನ್ನ ಬೈಕನ್ನು ಕುರಿ ಸಾಗಿಸುವ ಟೆಂಪೋದಲ್ಲಿ ಹಾಕಿಕೊಂಡು ರೇಸಿಗೆ ಹೋಗಿದ್ದ. ಆ ಭಾನುವಾರ ದಾವಣಗೆರೆಯಲ್ಲಿ ರೇಸಿತ್ತು. ಸಂಬಳ ಕೊಟ್ಟು ಓಡಿಸುವ ತಂಡವೊಂದರ ಮ್ಯಾನೇಜರ್ ಅವನನ್ನು ನೋಡಲೆಂದೇ ಬರುವವನಿದ್ದ. ಊರ ಯುವಕ ಸಂಘದವರು ಈ ಸಲ ಟೆಂಪೋ ಬೇಡ, ಬೈಕ್ ಒಯ್ಯಲು ಒಂದು ಸಣ್ಣ ಟ್ರೇಲರ್ ಕೊಳ್ಳೋಣ ಎಂದು ಪಟ್ಟಿ ಎತ್ತಿ ದುಡ್ಡು ಕೂಡಿಸಿದ್ದರು.

ಮೂರು ಕಡೆ ನೋಡಿದ್ದರಂತೆ. ಹರಪನಹಳ್ಳಿಯಲ್ಲಿ ಜೀಪ್ ಡ್ರೈವರ್ ಅಮರೇಶನ ಸೋದರಮಾವನ ಹತ್ತಿರ ಪೈಪು ಸಾಗಿಸುತ್ತಿದ್ದ ಹಳೆಯದೊಂದು, ಆರು ಸಾವಿರಕ್ಕೆ. ಹೊಳಲಿನಲ್ಲಿ ಪುಣೆಯಿಂದ ತಂದ ತಯಾರಿ ಮಾಲು, ಹದಿನೈದಕ್ಕೆ, ಅದು ಕೈಗೆಟುಕಲಿಲ್ಲ. ಕೊನೆಗೆ ಪಾಲಾಕ್ಷಪ್ಪನ ಹತ್ತಿರ ಏಳು ಸಾವಿರಕ್ಕೆ ಹೊಸದನ್ನೇ ಮಾಡಿಸಿದ್ದರು.

ಶನಿವಾರ ಬೆಳಿಗ್ಗೆ ಅಮರೇಶನ ಜೀಪಿನ ಹಿಂದೆ ಟ್ರೇಲರ್, ಅದರ ಮೇಲೆ ಬೈಕ್, ಅಮರೇಶನ ಪಕ್ಕದಲ್ಲಿ ಮೈಲಾರೇಶ್, ಹೀಗೆ ಹೊರಟರು. ಕೊಟ್ಟೂರು ದಾಟಿ ನಾಲ್ಕು ಕಿಲೋಮೀಟರ್ ಹೋದ ಮೇಲೆ ಜೋರಾಗಿ ಇಳಿಜಾರು ಇಳಿಯುವಾಗ ಟ್ರೇಲರ್ ಕಳಚಿಕೊಂಡು ಸೇತುವೆಯ ಪಕ್ಕ ಹಳ್ಳಕ್ಕೆ ಬಿತ್ತು. ಬೈಕಿನ ಮುಂಭಾಗ ಮುರಿಯಿತು. ಎದುರು ಬರುತ್ತಿದ್ದ ಎತ್ತಿನ ಗಾಡಿಯವನು ರಸ್ತೆ ಬಿಟ್ಟು ಹೊಲಕ್ಕಿಳಿದದ್ದರಿಂದ ಉಳಿದುಕೊಂಡ. ಬೆಸುಗೆ ಬಿಟ್ಟಿದೆ ಎಂದು ಅಮರೇಶ ಹೇಳಿದ, ಭಾನುವಾರ ಸಂಜೆಯೊಳಗೆ ಊರೂರು ಅದನ್ನೇ ಹೇಳಿತು. ಪಾಲಾಕ್ಷಪ್ಪನ ಹತ್ತಿರ ಟ್ರ್ಯಾಕ್ಟರ್ ಟ್ರೇಲರ್ ಮಾಡಲು ಕೊಟ್ಟಿದ್ದ ಇಬ್ಬರು ರೈತರು ಬೇಡ ಎಂದು ಹೇಳಿ ಕಳಿಸಿದ್ದರು. ಇಬ್ಬರು ಕೆಲಸಗಾರರ ಊಟ ಆ ಎರಡು ಟ್ರೇಲರ್‌ಗಳ ಮೇಲೆ ನಿಂತಿತ್ತು.

"ಮೈಲಾರೇಶ್ ಏನಂದ?" ನಾಗಪ್ಪನವರು ಕೇಳಿದರು.

"ಏನೂ ಅನ್ಲಿಲ್ರಿ. ಅವರೂರಾಗ ಎಲ್ಲಾರೂ ನನ್ನ ಬೈವಾಗ ಸುಮ್ನ ನಿಂತಿದ್ದ. ಅದ ನನ್ನ ಮನಸಿಗೆ ಭಾಳ ಹತ್ತಿತು."

ಟ್ರೇಲರ್ ಇನ್ನೂ ಹಳ್ಳದಲ್ಲೇ ಇತ್ತು. ಯಾರಿಗೂ ಅದು ಬೇಕಿರಲಿಲ್ಲ. ನಾಗಪ್ಪನವರು ಅಂಗಿ ಕಳಚಿ ನನ್ನ ಕೈಗೆ ಕೊಟ್ಟು ಅದರ ಅಡಿಗೆ ತೂರಿದರು. ಜೀಪಿಗೆ ಸಿಕ್ಕಿಸುವ ಮುಂದಿನ ಬಳೆಯ ಹತ್ತಿರ ಕಬ್ಬಿಣ ಸೀಳಿತ್ತು, ನಿಜ. ಆದರೆ ಸೀಳಿದ್ದು ಬೆಸುಗೆಯಲ್ಲಲ್ಲ, ಅದರಿಂದ ಎರಡು ಬೆರಳಾಚೆಯ ಗಟ್ಟಿ ತಗಡಿನಲ್ಲಿ. ಅಲ್ಲೇ ಹಳ್ಳದ ಕಲ್ಲಿನ ಸುಣ್ಣದಂಥ ಪುಡಿಯೂ ಅಂಟಿತ್ತು. ಬಿದ್ದ ಮೇಲೆ ಕಲ್ಲಿಗೆ ಬಡಿದು ಆದದ್ದು. ಬಳೆ ಮಾತ್ರ ಸುತ್ತ ಹಾಗೇ ಇತ್ತು.

"ಇದರ ಫೋಟೋ ತಗಿ. ಆಮ್ಯಾಲ ಈ ಸರಪಳಿದೂ ತಗಿ," ಎಂದರು.

ಪಿನ್ನು ಜಾರಿದರೂ ಟ್ರೇಲರ್ ಓಡಿಹೋಗದಿರಲಿ ಎಂದು ಪಾಲಾಕ್ಷಪ್ಪ ಒಂದು ಸರಪಳಿ ಕೊಟ್ಟಿದ್ದ. ಅದರ ಕೊಕ್ಕೆ ಜೀಪಿಗೆ ಸಿಕ್ಕಿಕೊಂಡಿರಬೇಕು. ಆ ಸರಪಳಿ ಎಲ್ಲಿಯೂ ಹರಿದಿರಲಿಲ್ಲ. ಟ್ರೇಲರಿನ ಕಂಬಿಗೆ ಎರಡು ಸುತ್ತು ಸುತ್ತಿ, ಕೊಕ್ಕೆಯನ್ನು ಅದರದೇ ಕೊಂಡಿಗೆ ಹಾಕಲಾಗಿತ್ತು. ಕೊಕ್ಕೆಯ ತುದಿಯಲ್ಲಿ ಹಳದಿ ಬಣ್ಣದ ಏನೋ ಒಣಗಿತ್ತು, ಅದನ್ನು ಸಿಕ್ಕಿಸಿದ್ದ ಕೊಂಡಿಗೆ ಮಾತ್ರ ಹತ್ತಿರಲಿಲ್ಲ.

ಆಮೇಲೆ ನಾವು ರಸ್ತೆಯ ಮೇಲೆ ಹಿಂದಕ್ಕೆ ನಡೆದೆವು. ಇನ್ನೂರು ಹೆಜ್ಜೆ ಹಿಂದೆ ಒಂದು ಗುಂಡಿ, ಗುಂಡಿಯ ಪಕ್ಕದ ಧೂಳಿನಲ್ಲಿ ಪಿನ್ನು ಸಿಕ್ಕಿತು. ಜೀಪಿನ ಕೊಂಡಿಯನ್ನೂ ಟ್ರೇಲರಿನ ಬಳೆಯನ್ನೂ ಒಟ್ಟಿಗೆ ಹಿಡಿಯುವ ಗೇಣುದ್ದದ ಸರಳು ಅದು. ಅದರ ತಲೆಯ ಮೇಲೂ ಹಳದಿ. ಕೆಳತುದಿಯ ತೂತಿಗೆ ಹಾಕುವ ತಂತಿಯ ಲಾಕ್ ಮಾತ್ರ ಇರಲಿಲ್ಲ. ತೂತಿನಲ್ಲಿ ಮುರಿದ ಚೂರಾಗಲಿ, ಹೊಸ ಗೀರಾಗಲಿ ಇರಲಿಲ್ಲ.

ಆ ಹಳದಿ ಏನೆಂದು ತಂಬ್ರಹಳ್ಳಿಯಲ್ಲಿ ತಿಳಿಯಿತು. ಮೈಲಾರೇಶನ ಅಕ್ಕ ಜಂಬಕ್ಕ ಹೊರಡುವ ಮುನ್ನ ಮೈಲಾರಲಿಂಗನ ಭಂಡಾರದ ಅರಿಶಿನವನ್ನು ಎಣ್ಣೆಯಲ್ಲಿ ಕಲಸಿ ಗಾಡಿಗೆ ಹಚ್ಚಿದ್ದಳು. ತಂದೆತಾಯಿ ಇಲ್ಲದ ಮನೆಯಲ್ಲಿ ತಮ್ಮನನ್ನು ಬೆಳೆಸಿದವಳು ಅವಳೇ. ಎಲ್ಲೆಲ್ಲಿ ಹಚ್ಚಿದೆ ಎಂದು ನಾಗಪ್ಪನವರು ಕೇಳಿದಾಗ, ಏನು ಕೇಳುತ್ತೀರಿ ಎಂಬಂತೆ ನೋಡಿದಳು.

"ಎಲ್ಲೆಲ್ಲಿ ಜೋಡ ಐತೋ ಅಲ್ಲೆಲ್ಲ ಹಚ್ಚೀನ್ರಿ. ಚಕ್ರಕ್ಕ, ಸರಪಳಿ ಕೊಕ್ಕಿಗೆ, ಆ ಪಿನ್ನಿಗೆ, ಅದರ ಕೆಳಗಿನ ತಂತಿಗೆ. ಬಗ್ಗಿ ನೋಡಿ ಹಚ್ಚೀನಿ. ಎಲ್ಲಾ ಹಚ್ಚಿದ್ರೂ ದೇವ್ರು ಹಿಡೀಲಿಲ್ಲ."

ಮೈಲಾರೇಶ್ ಅಂಗಳದಲ್ಲಿ ಮುರಿದ ಬೈಕಿನ ಹತ್ತಿರ ಕುಳಿತಿದ್ದ. ಎತ್ತರದ ಆಳು, ಮಾತು ಕಡಿಮೆ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟ. ದಾರಿಯಲ್ಲಿ ನಿಂತದ್ದು ಒಂದೇ ಕಡೆ, ಕೊಟ್ಟೂರಿನಲ್ಲಿ ಚಹಾಕ್ಕೆ. ಅಲ್ಲೇ ಇದ್ದ ಅಮರೇಶನೂ ಅದನ್ನೇ ಹೇಳಿದ. ಅವನಿಗೆ ನಮ್ಮ ಮೇಲೆ ಸಿಟ್ಟಿತ್ತು.

"ನಮ್ಮ ಮಾವನ ಟ್ರೇಲರ್ ತಗೊಂಡಿದ್ರ ಒಂದು ಸಾವಿರ ಉಳೀತಿತ್ತು, ಬೈಕೂ ಉಳೀತಿತ್ತು. ಎತ್ತರ ಭಾಳ ಆತು ಅಂದ ಇವ. ಲೇ, ಮೂರು ವರ್ಷ ಎದಿಮಟ್ಟದ ಟೆಂಪೋಕ್ಕ ಹಲಗಿ ಹಚ್ಚಿ ಒಬ್ಬನ ಏರಿಸ್ತಿದ್ದಿ, ಯಾರನ್ನೂ ಮುಟ್ಟಗೊಡತಿರಲಿಲ್ಲ. ಈ ಸಲ ನೋಡಿದ್ರ, ನೀನ ಏರಿಸು ಅಂತ ನನಗ ಹೇಳಿದಿ."

"ದೊಡ್ಡ ಮನುಷ್ಯಾ ಆಗ್ಯಾನಲ್ಲ," ಎಂದು ಜಂಬಕ್ಕ ನಕ್ಕಳು. ಮೈಲಾರೇಶ್ ನಗಲಿಲ್ಲ.

ವಾಪಸ್ ಬರುವಾಗ ಪಾಲಾಕ್ಷಪ್ಪನ ಅಂಗಡಿಯಲ್ಲಿ ಇಳಿದೆವು. ಟ್ರೇಲರಿನ ಎತ್ತರ ಯಾರು ಹೇಳಿದ್ದು ಎಂದು ನಾಗಪ್ಪನವರು ವಿಚಾರಿಸಿದರು. ಮೈಲಾರೇಶನೇ ಎಂದ ಪಾಲಾಕ್ಷಪ್ಪ. ಮೊದಲು ಸೊಂಟದೆತ್ತರಕ್ಕೆ, ಏಳು ಸಾವಿರಕ್ಕೆ ಮಾತಾಗಿತ್ತು. ಎರಡು ದಿನ ಬಿಟ್ಟು ಅವನೊಬ್ಬನೇ ಬಂದು, ಮೊಣಕಾಲೆತ್ತರಕ್ಕಿಂತ ಮೇಲೆ ಬೇಡ, ಏರಿಸುವ ಹಲಗೆ ಉದ್ದ ಇರಲಿ ಎಂದಿದ್ದ. ಚಕ್ರದ ಅಚ್ಚು ಕತ್ತರಿಸಬೇಕಾಗುತ್ತದೆ, ಎರಡು ಸಾವಿರ ಜಾಸ್ತಿ ಎಂದರೂ ಆಗಲಿ ಎಂದಿದ್ದ. ಆ ಎರಡು ಸಾವಿರವನ್ನು ಸಂಘದವರಿಗೆ ಹೇಳದೆ ತಾನೇ ಕೊಟ್ಟಿದ್ದ.

ಕೊಟ್ಟೂರಿನಲ್ಲಿ ಜೀಪು ನಿಂತದ್ದು ಚೌಡಕ್ಕನ ಚಹಾದಂಗಡಿಯ ಮುಂದೆ. ಚೌಡಕ್ಕ ಮಾತಿಗೆ ಬಡವಿಯಲ್ಲ. ಡ್ರೈವರ್ ಬಕೆಟ್ ಹಿಡಿದು ಬೋರಿಗೆ ಎರಡು ಸಲ ನೀರಿಗೆ ಹೋಗಿಬಂದ, ಬಂದು ಬಾನೆಟ್ ಎತ್ತಿ ಮುಂದೆಯೇ ನಿಂತಿದ್ದ. ಇನ್ನೊಬ್ಬ ಹಿಂದೆ, ಜೀಪಿಗೂ ಟ್ರೇಲರಿಗೂ ನಡುವೆ, ಕಂಬಿಯ ಮೇಲೆ ಕುಳಿತಿದ್ದ. ಬೇರೆ ಗಿರಾಕಿ ಆಗ ಇರಲಿಲ್ಲ ಎಂದಳು.

"ಅಷ್ಟು ಎತ್ತರದ ಗಂಡಸು, ಕಪ್ಪಿನಾಗಿಂದ ಕೆಳಗಿನ ಬಸಿಗೆ ಚಹಾ ನೀನ ಹಾಕು ಅಂದ ನೋಡ್ರಿ. ಸಣ್ಣ ಕೂಸಿಗೆ ಹಾಕಿದಂಗ ಹಾಕಿಕೊಟ್ಟೆ. ಬಸಿ ಬಲಗೈಯಾಗ ಹಿಡಕೊಂಡು ಕುಡದ. ಕಪ್ಪು ಮುಟ್ಟಲೇ ಇಲ್ಲ."

ಜೀಪು ಹೋದ ಮೇಲೆ ನೆಲದ ಮೇಲೆ ಏನಾದರೂ ಸಿಕ್ಕಿತೇ ಎಂದು ನಾಗಪ್ಪನವರು ಕೇಳಿದರು. ಅವಳು ಬಜ್ಜಿ ಕಟ್ಟಿಕೊಡುವ ಹಳೆ ಪೇಪರಿನ ಕಟ್ಟು ತೋರಿಸಿದಳು. ಕಟ್ಟಿನ ನಡುವೆ ತೂರಿಸಿ ಗೋಡೆಗೆ ನೇತುಹಾಕಿದ್ದ ತಂತಿಯೇ ಆ ಲಾಕು. ಹೊರಗಿನ ಸುತ್ತು ಪೂರ್ತಿ ಹಳದಿ. ಪಿನ್ನಿನ ತೂತಿನೊಳಗೆ ಕೂರುವ ಕಾಲು ಮಾತ್ರ ಶುಭ್ರ. ನಾಗಪ್ಪನವರು ಅವಳಿಗೆ ಬೇರೊಂದು ಮೊಳೆ ಕೊಟ್ಟು ಅದನ್ನು ಬಿಡಿಸಿಕೊಂಡರು.

ಬುಧವಾರ ಮಧ್ಯಾಹ್ನ ಪಾಲಾಕ್ಷಪ್ಪನ ಅಂಗಡಿಯಲ್ಲಿ ಎಲ್ಲರೂ ಸೇರಿದೆವು. ಆರ್ಡರ್ ಹಿಂತೆಗೆದುಕೊಂಡಿದ್ದ ಇಬ್ಬರು ರೈತರು, ಅಮರೇಶ, ಮೈಲಾರೇಶ್, ಜಂಬಕ್ಕ. ಟ್ರೇಲರನ್ನು ಎಳೆಸಿ ತಂದು ನಡುವೆ ನಿಲ್ಲಿಸಲಾಗಿತ್ತು. ನಾಗಪ್ಪನವರು ಒಂದು ಡಬ್ಬದ ಮೇಲೆ ಕುಳಿತರು.

ಮೊದಲು ಬಳೆ ತೋರಿಸಿ, ಬೆಸುಗೆಯ ಮೇಲೆ ಬೆರಳಾಡಿಸಿ ನೋಡಿ ಎಂದು ರೈತರಿಗೆ ಹೇಳಿದರು. ಅವರು ನೋಡಿದರು. ಬೆಸುಗೆ ಬಿಟ್ಟಿದ್ದರೆ ಬಳೆ ಜೀಪಿನ ಕಡೆ ಉಳಿದು ಟ್ರೇಲರ್ ಹೋಗಬೇಕಿತ್ತು. ಇಲ್ಲಿ ಬಳೆ ಟ್ರೇಲರಿನಲ್ಲೇ ಇದೆ. ಕಳಚಿದ್ದು ಪಿನ್ನು. ಪಿನ್ನು ತಾನಾಗಿ ಮೇಲೇಳಬೇಕಾದರೆ ಕೆಳಗಿನ ಲಾಕು ಇರಬಾರದು. ಹಾಕುವುದನ್ನೇ ಮರೆತರೇ? ಇಲ್ಲ, ಹಾಕಿದ ಮೇಲೆ ಜಂಬಕ್ಕ ಅದಕ್ಕೆ ಭಂಡಾರ ಹಚ್ಚಿದ್ದಾಳೆ. ಒಳಗಿದ್ದ ಕಾಲಿಗೆ ಹತ್ತಿಲ್ಲ, ಹೊರಗಿನದಕ್ಕೆ ಹತ್ತಿದೆ. ಸರಪಳಿಯ ಕೊಕ್ಕೆಗೂ ಹತ್ತಿದೆ, ಈಗ ಅದು ಸಿಕ್ಕಿರುವ ಕೊಂಡಿಗೆ ಹತ್ತಿಲ್ಲ. ಅಂದರೆ ತಂಬ್ರಹಳ್ಳಿ ಬಿಡುವಾಗ ಎರಡೂ ತಮ್ಮ ಜಾಗದಲ್ಲಿದ್ದವು. ಲಾಕು ಸಿಕ್ಕಿದ್ದು ಕೊಟ್ಟೂರಿನಲ್ಲಿ. ಸರಪಳಿ ತನ್ನನ್ನು ತಾನು ಕಂಬಿಗೆ ಸುತ್ತಿಕೊಳ್ಳುವುದಿಲ್ಲ.

"ಹಂಗಾದ್ರ ಬೇಕಂತ ಮಾಡ್ಯಾರ," ಎಂದ ಒಬ್ಬ ರೈತ. ಎಲ್ಲರೂ ಅಮರೇಶನ ಕಡೆ ನೋಡಿದರು. ಮಾವನ ಟ್ರೇಲರ್ ಮಾರಾಟವಾಗದ ಸಿಟ್ಟು ಅವನಿಗಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು. ಅಮರೇಶನ ಮುಖ ಕಪ್ಪಿಟ್ಟಿತು.

ಅಮರೇಶ ಅಲ್ಲ ಎಂದರು ನಾಗಪ್ಪನವರು. ಅವನು ಬಕೆಟ್ ಹಿಡಿದು ಜೀಪಿನ ಮುಂದೆ ಇದ್ದ, ಚೌಡಕ್ಕ ನೋಡಿದ್ದಾಳೆ. ಲಾಕಿಲ್ಲವೆಂದು ಗೊತ್ತಿದ್ದವನು ಆ ಇಳಿಜಾರಿನಲ್ಲಿ ಅಷ್ಟು ಜೋರಾಗಿ ಜೀಪು ಬಿಡುವುದಿಲ್ಲ. ಹಿಂದಿನ ಭಾರ ಮೊದಲು ಬಡಿಯುವುದು ಅವನ ಬೆನ್ನಿಗೇ. ಕಂಬಿಯ ಹತ್ತಿರ ಕುಳಿತಿದ್ದವನು ಒಬ್ಬನೇ. ಅವನು ಯಾಕೆ ಮಾಡಿದ ಎಂಬುದಕ್ಕೆ ಉತ್ತರ ಟ್ರೇಲರ್ ಆರಿಸಿದ್ದರಲ್ಲೇ ಇದೆ ಎಂದರು. ಅಗ್ಗದ್ದನ್ನು ಹುಡುಕಿಕೊಂಡು ಹೊರಟವನು ಹರಪನಹಳ್ಳಿಯದಕ್ಕಿಂತ ಮೂರು ಸಾವಿರ ಹೆಚ್ಚು ಕೊಡಿಸಿದ, ಅದರಲ್ಲಿ ಎರಡು ಸಾವಿರ ತನ್ನ ಜೇಬಿನಿಂದ, ಅದೂ ಕದ್ದುಮುಚ್ಚಿ. ಅಷ್ಟು ಕೊಟ್ಟು ಕೊಂಡದ್ದು ಒಂದೇ, ತಗ್ಗು. ಎದೆಮಟ್ಟಕ್ಕೆ ಬೈಕ್ ಏರಿಸುತ್ತಿದ್ದವನಿಗೆ ಮೊಣಕಾಲೆತ್ತರವೂ ಆಗಲಿಲ್ಲ, ಅಮರೇಶನಿಗೆ ಏರಿಸು ಎಂದ. ಬೈಕನ್ನು ನೂಕುತ್ತಾ ಏರಿಸುವಾಗ ಎಡಗೈಯಲ್ಲಿ ಕ್ಲಚ್ ಹಿಡಿದಿರಬೇಕು. ಕಪ್ಪಿನಿಂದ ಬಸಿಗೆ ಚಹಾ ಹಾಕಿಕೊಳ್ಳಲೂ ಎರಡು ಕೈ ಬೇಕು.

ಇಷ್ಟು ಹೇಳಿ ನಿಲ್ಲಿಸಿದರು. ಹೆಸರು ಹೇಳಲಿಲ್ಲ. ಮೈಲಾರೇಶನ ಕಡೆ ತಿರುಗಿದರು.

"ಆ ಗಾಡಿಯವ ಸತ್ತಿದ್ರ ಏನು ಮಾಡ್ತಿದ್ದಿ?" ನಾಗಪ್ಪನವರು ಮೆಲ್ಲಗೆ ಕೇಳಿದರು.

ಮೈಲಾರೇಶ್ ತಲೆ ಎತ್ತದೆ ಹೇಳಿದ: "ಕೊಟ್ಟೂರ ಬಾಯಾಗಿನ ರಸ್ತಿ ಉಬ್ಬಿನ್ಯಾಗ ಕಳಚ್ತೈತಿ ಅಂದ್ಕೊಂಡಿದ್ನ್ರಿ. ಅಲ್ಲಿ ಯಾರ ಆದ್ರೂ ಮೆಲ್ಲಕ ಹೋಗ್ತಾರ. ಕಳಚಲಿಲ್ಲ. ಆಮ್ಯಾಲ ಅಮರೇಶಗ ನಿಲ್ಲಿಸು ಅನ್ನಾಕ ಬಾಯಿ ಬರ್ಲಿಲ್ಲ."

ಮೂರು ತಿಂಗಳ ಹಿಂದಿನ ರೇಸಿನಲ್ಲಿ ಕುತ್ತಿಗೆಯ ಮೇಲೆ ಬಿದ್ದಿದ್ದನಂತೆ. ಅಂದಿನಿಂದ ಎಡಗೈಯ ಬೆರಳುಗಳು ಹಿಡಿತ ಕಳೆದುಕೊಳ್ಳುತ್ತಾ ಬಂದಿದ್ದವು. ಮುಂದಿನ ರೇಸಿನ ಹೊತ್ತಿಗೆ ಸರಿಹೋಗುತ್ತದೆ, ಈ ಒಂದು ತಪ್ಪಿದರೆ ಸಾಕು ಎಂದುಕೊಂಡಿದ್ದ. ಹುಷಾರಿಲ್ಲ ಎಂದರೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ, ಕೈ ಬಯಲಾಗುತ್ತದೆ, ತಂಡದವರು ಮತ್ತೆ ಕರೆಯುವುದಿಲ್ಲ. ಬೈಕು ಮುರಿದರೆ ಮಾತ್ರ ಯಾರೂ ಅವನ ಕೈ ನೋಡುವುದಿಲ್ಲ.

ಜಂಬಕ್ಕ ಎದ್ದು ಬಂದು ಅವನ ಎಡಗೈ ಹಿಡಿದು ತನ್ನ ಬೆರಳನ್ನು ಅದರಲ್ಲಿಟ್ಟಳು. "ಹಿಡಿ," ಎಂದಳು. ಅವನು ಪ್ರಯತ್ನಿಸಿದ್ದು ನಮಗೆಲ್ಲ ಕಂಡಿತು. ಅವಳು ಬೆರಳು ಬಿಡಿಸಿಕೊಂಡಳು. ಬಿಡಿಸಿಕೊಳ್ಳಲು ಕಷ್ಟವೇನೂ ಆಗಲಿಲ್ಲ.

"ಮೂರು ತಿಂಗಳು ಒಂದ ಮನ್ಯಾಗ ಉಂಡೀವಿ," ಎಂದಳು.

ಪಾಲಾಕ್ಷಪ್ಪ ಮೈಲಾರೇಶನ ಎದುರು ಬಂದು ನಿಂತ. ಹೊಡೆಯುತ್ತಾನೆ ಎಂದುಕೊಂಡೆ.

"ಇಲ್ಲಿ ಹೇಳಿದ್ದು ಸಾಕಾಗಂಗಿಲ್ಲ. ನನ್ನ ಹೆಸರು ಕೆಟ್ಟಿದ್ದು ನಿಮ್ಮೂರಾಗ. ಅಲ್ಲಿ ಹೇಳು."

ಅಮರೇಶನ ಜೀಪಿನಲ್ಲೇ ಎಲ್ಲರೂ ತಂಬ್ರಹಳ್ಳಿಗೆ ಹೋದೆವು. ಸಂಘದ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿ ಇದ್ದರು. ಮೈಲಾರೇಶ್ ಇಳಿದು, ಲಾಕು ತೆಗೆದದ್ದು ನಾನು, ಬೆಸುಗೆ ಗಟ್ಟಿಯಾಗಿಯೇ ಇತ್ತು, ಪಾಲಾಕ್ಷಣ್ಣನನ್ನು ಬೈಯುವಾಗ ಗೊತ್ತಿದ್ದೂ ಸುಮ್ಮನಿದ್ದೆ ಎಂದ. ಕೈಯ ವಿಷಯವನ್ನೂ ಹೇಳಿದ. ಕೆಲವರು ಬೈದರು. ಒಬ್ಬ ಮಾತ್ರ, ಮೊದಲೇ ಹೇಳಿದ್ದರೆ ಟ್ರೇಲರಿನ ದುಡ್ಡಿನಲ್ಲಿ ಆಸ್ಪತ್ರೆಗೆ ಹೋಗಬಹುದಿತ್ತಲ್ಲಲೇ ಎಂದ. ಬೈಗುಳಕ್ಕೆ ನೆಟ್ಟಗೆ ನಿಂತಿದ್ದ ಮೈಲಾರೇಶ್ ಆಗ ಕಟ್ಟೆಯ ಮೇಲೆ ಕುಳಿತುಬಿಟ್ಟ.

ಇಬ್ಬರು ರೈತರಲ್ಲಿ ಒಬ್ಬ ಅಲ್ಲೇ ಪಾಲಾಕ್ಷಪ್ಪನಿಗೆ ಕೆಲಸ ಶುರು ಮಾಡು ಎಂದ. ಇನ್ನೊಬ್ಬ ನೋಡೋಣ ಎಂದ. ಅವನು ಮತ್ತೆ ಬರಲಿಲ್ಲ.

ಹೊರಡುವಾಗ ಜಂಬಕ್ಕ ಜೀಪಿನ ಹತ್ತಿರ ಬಂದಳು. ತಮ್ಮ ಬಂದು ಕಾಲು ಹಿಡಿಯುತ್ತಾನೆ, ಯಾವಾಗ ಕಳಿಸಲಿ ಎಂದು ಪಾಲಾಕ್ಷಪ್ಪನನ್ನು ಕೇಳಿದಳು. ಅವನು ಮುಂದೆ ನೋಡುತ್ತಲೇ ಕುಳಿತಿದ್ದ. ಕ್ಷಮಿಸಿದವನ ಮುಖ ಅದಲ್ಲ.

"ಮೊದ್ಲ ಬಳ್ಳಾರಿ ಆಸ್ಪತ್ರಿಗೆ ಕರಕೊಂಡು ಹೋಗವ್ವಾ," ಎಂದ. "ನನ್ನ ಕಡೆ ಆಮ್ಯಾಲ ಬರ್ಲಿ."