ಕರೆಯದೆ ಬಂದವರು

ತೊಂಬತ್ತೇಳರ ಬೇಸಿಗೆಯಲ್ಲಿ ಆರೋಗ್ಯ ಸಂಸ್ಥೆಯೊಂದರ ಕಾರ್ಯಕರ್ತ ಶಿವಶರಣ ಕೆ.ಆರ್. ಪುರದ ಹಳೇ ಊರಿನೊಳಗೆ ಬಂದದ್ದು ಆಟೋಗೆ ಮೈಕ್ ಕಟ್ಟಿಕೊಂಡು. ಮಕ್ಕಳ ವಾಂತಿಭೇದಿ ತಡೆಯೋಣ, ಸಂಜೆ ತಾಯಂದಿರೆಲ್ಲ ಶಾಲೆಯ ಅಂಗಳಕ್ಕೆ ಬನ್ನಿ ಎಂದು ಬಿಜಾಪುರದ ಕನ್ನಡದಲ್ಲಿ ಬೀದಿ ಬೀದಿ ಕೂಗಿದ. ಸಂಜೆ ಅಂಗಳದಲ್ಲಿ ಇದ್ದದ್ದು ಅವನು ಮತ್ತು ಬಾಡಿಗೆ ಕುರ್ಚಿಗಳು. ಎದುರು ಮನೆಯ ಜಗಲಿಯಲ್ಲಿ ಯಮುನಾ ವೇಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

“ಮನೆಗೆ ಬಂದು ಕುಂಕುಮ ಕೊಟ್ಟು ಕರೀದಿದ್ರೆ ನಮ್ಮೂರ ಹೆಂಗಸ್ರು ಹೊಸಿಲು ದಾಟಲ್ಲ ರೀ,” ಎಂದಳು.

“ಹಂಗಾದ್ರ ನೀವೇ ಕರದು ತೋರಸ್ರಿ,” ಎಂದ ಅವನು.

ತೋರಿಸಿದಳು. ಪ್ರತಿ ಗುರುವಾರ ಕುಂಕುಮದ ಬಟ್ಟಲು ಹಿಡಿದು ಮನೆ ಮನೆಗೆ ಹೊರಟಳು. ಮಸೀದಿ ಬೀದಿಯಲ್ಲಿ ಕರೆಯಲು ಗೆಳತಿ ನೂರ್ಜಹಾನ್ ಜೊತೆಯಾದಳು. ಓಆರ್‌ಎಸ್ ಪೊಟ್ಟಣಗಳ ಚೀಲ ಹೊತ್ತು ಅವನು ಹಿಂದೆ. ಯಮುನಾ ತಟ್ಟನೆ ತಿರುಗಿದರೆ ಸಾಕು, ಅವಳನ್ನೇ ನೋಡುತ್ತಿದ್ದವನು ಆ ಮನೆಯ ನೀರಿನ ಡ್ರಮ್ಮಿನ ಮುಚ್ಚಳ ಪರೀಕ್ಷಿಸತೊಡಗುತ್ತಿದ್ದ. ಊರಿನ ಮುಚ್ಚಳಗಳಿಗೆ ಅಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ.

ಅಂಗಳ ತುಂಬತೊಡಗಿತು. ಚರಂಡಿಯಲ್ಲಿ ಒಡೆದಿದ್ದ ಕುಡಿಯುವ ನೀರಿನ ಪೈಪನ್ನು ಹೆಂಗಸರೇ ನಗರಸಭೆಯವರ ಜೊತೆ ಜಗಳವಾಡಿ ಬದಲಾಯಿಸಿಕೊಂಡರು. ಊರಿನ ನೀರಿನ ಟ್ಯಾಂಕ್ ತೊಳೆಯುವುದು, ಕ್ಲೋರಿನ್ ಹಾಕುವುದು ಕಲಿತರು. ಹಿಂದಿನ ವರ್ಷ ಮಸೀದಿ ಬೀದಿಯ ಆಬಿದಾಳ ಮಗು ವಾಂತಿಭೇದಿಯಿಂದ ಸಾಯುವ ಹಾಗಾಗಿತ್ತು. ಮರುಬೇಸಿಗೆಯಲ್ಲಿ ಆ ಬೀದಿಗಳ ಒಂದು ಮಗುವೂ ಆಸ್ಪತ್ರೆ ಸೇರಲಿಲ್ಲ.

ಆಗ ಶಿವಶರಣ ತನ್ನ ಸಂಸ್ಥೆಯ ನಿಯಮ ಹೇಳಿದ. ಜನ ತಾವಾಗಿ ಸೇರಿ ಸಭೆ ನಡೆಸುವಂತಾದ ಮೇಲೆ ಕಾರ್ಯಕರ್ತ ಅಲ್ಲಿರಬಾರದು. ಬರುವ ಗುರುವಾರ ಮೇಲಿನವರು ನೋಡಲು ಬರುತ್ತಾರೆ. ಅಂಗಳ ತುಂಬಿದ್ದರೆ ಅವನು ರಾಯಚೂರಿನ ಹಳ್ಳಿಗೆ, ಖಾಲಿ ಇದ್ದರೆ ಇನ್ನೊಂದು ವರ್ಷ ಇಲ್ಲೇ. ಇಷ್ಟು ದಿನ ಅವನನ್ನು ಊರು ಬಿಡಿಸುವ ಕೆಲಸವನ್ನೇ ತಾನು ಮಾಡಿಕೊಂಡು ಬಂದಿದ್ದು ಎಂದು ಯಮುನಾಗೆ ಆಗ ಹೊಳೆಯಿತು.

ಆ ಗುರುವಾರ ಅವಳು ಬಟ್ಟಲು ಮುಟ್ಟಲಿಲ್ಲ. ಜ್ವರವೆಂದು ನೂರ್ಜಹಾನಳಿಗೆ ಸುಳ್ಳು ಹೇಳಿ, ಬಾಗಿಲು ಹಾಕಿಕೊಂಡು ಕೂತಳು. ನಾಚಿಕೆಯೂ ಆಯಿತು, ಆಸೆಯೂ ಆಯಿತು.

ಸಂಜೆ ಯಾರೋ ಬಾಗಿಲು ಬಡಿದರು. ತೆರೆದರೆ ಪಕ್ಕದ ಬೀದಿಯ ಮುನಿಲಕ್ಷ್ಮಮ್ಮ, ಕೈಯಲ್ಲಿ ಕುಂಕುಮದ ಬಟ್ಟಲು.

“ನಿಂಗೆ ಹುಷಾರಿಲ್ವಂತಲ್ಲಮ್ಮ, ಅದಕ್ಕೆ ನಾವೇ ಎಲ್ರನ್ನೂ ಕರೆದ್ಬಿಟ್ವಿ. ನೀನೊಬ್ಳೇ ಬಾಕಿ,” ಎಂದು ಅವಳ ಹಣೆಗೆ ಕುಂಕುಮ ಇಟ್ಟಳು.

ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಲಿನಿಂದ ಬಂದಿದ್ದ ಮೇಡಂ ಮುಖ ಅರಳಿತ್ತು. ಇನ್ನು ನೀವೇ ನಡೆಸಿಕೊಂಡು ಹೋಗುತ್ತೀರಾ ಎಂದು ಕೇಳಿದಾಗ ಹೆಂಗಸರೆಲ್ಲ ಯಮುನಾಳತ್ತ ತಿರುಗಿದರು. ಮುಂದಿನ ಸಾಲಿನಲ್ಲಿ ಆಬಿದಾಳ ಮಗು ನಿದ್ದೆ ಮಾಡುತ್ತಿತ್ತು. ಯಮುನಾ ಅದನ್ನೇ ನೋಡಿದಳು.

“ನಡೆಸ್ತೀವಿ ಮೇಡಂ,” ಎಂದಳು.

ಚಪ್ಪಾಳೆಯ ನಡುವೆ ಶಿವಶರಣ ಇಷ್ಟು ದಿನ ತನ್ನ ಬಳಿ ಇದ್ದ ಟ್ಯಾಂಕಿನ ಬೀಗದ ಕೈಯನ್ನು ಅವಳಿಗೆ ಒಪ್ಪಿಸಿದ. ಅವನ ಬೆರಳು ತಣ್ಣಗಿದ್ದವು.

ಜನ ಕರಗುವಾಗ ಇಬ್ಬರೂ ಗೇಟಿನ ಬಳಿ ನಿಂತರು. ಅವಳು ಜ್ವರದ ಸುಳ್ಳನ್ನು ಒಪ್ಪಿಕೊಂಡಳು. ಅವನು ಗೇಟಿನ ಕಪ್ಪು ಹಲಗೆ ತೋರಿಸಿದ. ಅದರ ಮೇಲೆ ಹೋದ ವಾರದ ಸಭೆಯ ತಾರೀಖೇ ಇತ್ತು. ಅದನ್ನು ಬದಲಾಯಿಸುವುದು ಅವನ ಕೆಲಸ.

“ನನಗೂ ಬರಿಯಾಕ ಕೈ ಏಳಲಿಲ್ರಿ,” ಎಂದ.

ಯಮುನಾಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಇಷ್ಟು ಪ್ರೀತಿ ಇಟ್ಟುಕೊಂಡು ಇಬ್ಬರೂ ಸೇರಿ ಒಂದು ಸಭೆ ಕೆಡಿಸಲು ಆಗಲಿಲ್ಲ.

“ನನ್ನ ಜೋಡಿ ಬರ್ತೀರೇನು?” ಅವನ ದನಿ ಇಳಿದಿತ್ತು. “ಮದಿವಿ ಆಗಿ.”

ಈಗಲೇ ಹೊರಟುಬಿಡಬೇಕು ಅನ್ನಿಸಿತು ಅವಳಿಗೆ. ಅಪ್ಪ ಬೈಯಲಿ, ಊರು ಆಡಿಕೊಳ್ಳಲಿ. ಬಾಯಿ ತೆರೆಯುವಷ್ಟರಲ್ಲಿ ಅಂಗಳದ ಆ ತುದಿಯಿಂದ ಆಬಿದಾ ಕೂಗಿ ಕೇಳಿದಳು, ನಾಳೆ ಬೆಳಿಗ್ಗೆ ಟ್ಯಾಂಕ್ ತೊಳೆಯಬೇಕು, ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು.

ಯಮುನಾ ಶಿವಶರಣನ ಮುಖ ನೋಡಿದಳು. ನೋಡುತ್ತಲೇ ಇದ್ದಳು.

“ನನ್ ಹತ್ರಾನೇ ಇರುತ್ತೆ, ಆಬಿದಾ,” ಎಂದಳು.