ಬಿಲ್ಲು ಮೂಡದ ಗದ್ದೆ

"ಏಯ್! ನನ್ನ ಗದ್ದೆಯಿಂದ ಆಚೆ ಬನ್ನಿ!"

ಚಿಗುಸಾ ಬದುವಿನ ಮೇಲೆ ನಿಂತು ಕೂಗಿದಳು. ಅವಳು ಬೆಳಗ್ಗೆಯಷ್ಟೇ ಸಮ ಮಾಡಿದ್ದ ಕೆಸರಿನಲ್ಲಿ ಯಾರೋ ಅಪರಿಚಿತ ಗೂಟ ಹೊಡೆಯುತ್ತಿದ್ದ.

ಆತ ಬೆಚ್ಚಿ ತಿರುಗಿದ. ಕಾಲು ಹೂತುಕೊಂಡಿತು. ಮರುಕ್ಷಣ... ಧೊಪ್ಪೆಂದು ಕೆಸರಲ್ಲಿ ಕೂತಿದ್ದ!

"ಕ್ಷಮಿಸಿ! ನಾನು ತೊಮೊನಾರಿ. ಈ ವರ್ಷದ ಚಿತ್ರಕ್ಕೆ ಬಂದಿರೋ ಸರ್ವೇಯರ್."

"ಊರೆಲ್ಲ ಅಳೆಯೋರಿಗೆ ಕೆಸರಿನ ಆಳ ಗೊತ್ತಾಗ್ಲಿಲ್ವಾ?"

ಅವನು ನಕ್ಕುಬಿಟ್ಟ. ಅವಳಿಗೂ ತಡೆಯಲಾಗಲಿಲ್ಲ. 'ಛೆ! ಬೈಯೋಕೆ ಬಂದವಳು ನಾನು!'

ತ್ಸುಗಾರು ಬಯಲಿನ ಆ ಊರು ವರ್ಷವರ್ಷವೂ ಬಣ್ಣಬಣ್ಣದ ಎಲೆಯ ಭತ್ತ ನೆಟ್ಟು ಗದ್ದೆಯ ತುಂಬ ಚಿತ್ರ ಬೆಳೆಯುತ್ತಿತ್ತು. ಈ ಸಲ ಕುದುರೆಯೇರಿ ಬಿಲ್ಲೆತ್ತಿದ ವೀರನಾರಿ. ಬಿಲ್ಲಿಗೆ ಬೇಕಾದ ಕಡುನೇರಳೆ ಸಸಿ ಬೆಳೆಸಿದವಳು ಚಿಗುಸಾ. ಎಲ್ಲಿ ಯಾವ ಬಣ್ಣವೆಂದು ಗೂಟ ಹೊಡೆದವನು ತೊಮೊನಾರಿ. ನಾಟಿ ಮುಗಿಯುವ ಹೊತ್ತಿಗೆ ಒಂದೇ ಬುತ್ತಿಯ ಅನ್ನದುಂಡೆ ಹಂಚಿಕೊಂಡು ತಿನ್ನುವಷ್ಟು ಸಲುಗೆ!

ಆದರೆ ಜೂನ್ ಕೊನೆಗೆ ಕಡಲ ಕಡೆಯಿಂದ ಶೀತಗಾಳಿ ಎದ್ದಿತು. ಬೀಸಿತು, ಬೀಸಿತು, ನಿಲ್ಲಲೇ ಇಲ್ಲ. ಮೊದಲೇ ಸೂಕ್ಷ್ಮವಾದ ನೇರಳೆ ಸಸಿಗಳು ಸೊರಗಿ ಸತ್ತವು.

ಜುಲೈಯಲ್ಲಿ ಚಿತ್ರ ನೋಡಲು ಗದ್ದೆಯಂಚಿನ ಗೋಪುರ ಹತ್ತಿದ ಪ್ರವಾಸಿಗರು ಬಿದ್ದು ಬಿದ್ದು ನಕ್ಕರು.

"ಬಿಲ್ಲೆಲ್ಲಿ? ಬಸ್ಸಿಗೆ ಕೈ ಅಡ್ಡ ಹಾಕಿದ ಹಾಗಿದ್ದಾಳಲ್ಲ!"

ಸಸಿಯೇ ಸರಿಯಿರಲಿಲ್ಲವೆಂದು ಊರು ಪಿಸುಗುಟ್ಟಿತು. ಅಂಗಡಿಯಲ್ಲಿ ಇನ್ನೊಂದು ಮಾತು ಚಿಗುಸಾಳ ಕಿವಿಗೆ ಬಿತ್ತು. "ಆ ಸರ್ವೇಯರ್ ಚಿತ್ರದ ಸಮಿತಿಯ ಮುಂದೆ ಎಲ್ಲ ಬಾಯಿಬಿಟ್ಟನಂತೆ."

ಅವಳು ಏನೂ ಕೊಳ್ಳದೆ ಹೊರಬಂದಳು. 'ನನ್ನ ತಲೆಗೇ ಕಟ್ಟಿದನಾ...?'

ಅಂದಿನಿಂದ ಅವನು ಎದುರಾದರೆ ಮುಖ ತಿರುಗಿಸಿದಳು. ಕರೆದರೆ ಕೇಳಿಸದವಳಂತೆ ನಡೆದಳು. ಮನೆಗೆ ಬಂದು ಅತ್ತಳು.

ಕೊನೆಗೆ ಸಮಿತಿಯ ಹಿರಿಯ ಒಸನಾಯ್ ಬಂದರು.

"ಕೊರಗಬೇಡ ಮಗಳೇ. ಗೂಟ ಹೊಡೆಯೋವಾಗ ತುಳಿದು ತುಳಿದು ನೆಲ ಕೆಡಿಸಿದ್ದು ನಾನೇ ಅಂತ ತೊಮೊನಾರಿ ಒಪ್ಕೊಂಡ. ಮುಂದಿನ ವರ್ಷ ಬೇರೆಯವರನ್ನ ಕರೆಸ್ತೀವಿ."

ಚಿಗುಸಾ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ತೊಮೊನಾರಿ ಬದುವಿನ ಮೇಲೆ ಒಬ್ಬನೇ ನಿಂತಿದ್ದ.

"ಸುಳ್ಳು ಯಾಕೆ ಹೇಳಿದ್ರಿ?"

"ನಾನು ಹೊರಗಿನವನು. ಬೈಸ್ಕೊಂಡು ಹೋಗಿಬಿಡ್ತೀನಿ. ನೀವು ಇವರ ಮಧ್ಯೆನೇ ಬಾಳಬೇಕಲ್ವಾ..."

"ತಪ್ಪು ಗಾಳೀದು! ಶಿಕ್ಷೆ ನಿಮಗ್ಯಾಕೆ?" ಅವಳು ಕಣ್ಣೊರೆಸಿಕೊಂಡಳು. "ಮನೆ ಮರೆಯಲ್ಲಿದ್ದ ಸಸಿಮಡಿಗೆ ಗಾಳಿ ತಾಗಿಲ್ಲ. ಮಿಕ್ಕ ನೇರಳೆ ಸಸಿ ಇನ್ನೂ ಅಲ್ಲೇ ಇದೆ. ಮಣ್ಣಿನ ಸಮೇತ ಕಿತ್ತು ತಂದು ನೆಡ್ತೀನಿ. ಗೆರೆ ನೀವು ತೋರಿಸಿ!"

ಮರುದಿನ ಬೆಳಗ್ಗೆ ತೊಮೊನಾರಿ ಮೈಕು ಹಿಡಿದು ಗೋಪುರ ಹತ್ತಿದ. ಚಿಗುಸಾ ಗದ್ದೆಗಿಳಿದಳು. ಅವಳ ಹಿಂದೆಯೇ ಅವಳ ಎಂಬತ್ತರ ಅಜ್ಜಿಯೂ ಇಳಿದಳು. ಅದನ್ನು ಕಂಡು ಒಸನಾಯ್ ಇಳಿದರು. ಆಮೇಲೆ ಪಿಸುಗುಟ್ಟಿದವರೂ ತಲೆ ತಗ್ಗಿಸಿಕೊಂಡು ಒಬ್ಬೊಬ್ಬರಾಗಿ ಇಳಿದರು!

"ಎಡಕ್ಕೆ... ಇನ್ನೊಂದು ಹೆಜ್ಜೆ... ಅಲ್ಲೇ!"

ಮಧ್ಯಾಹ್ನ ಕಳೆಯಿತು. ಹಸಿರಿನ ನಡುವೆ ಕಡುನೇರಳೆ ಬಿಲ್ಲು ಬಾಗಿ ಬಾಗಿ ಮೂಡಿತು. ಗೋಪುರದ ಮೇಲೆ ಜನ ಹೋ ಎಂದು ಚಪ್ಪಾಳೆ ತಟ್ಟಿದರು!

"ಅಯ್ಯೋ... ಎಷ್ಟು ಚೆನ್ನಾಗಿದ್ದಾಳೆ... ಇವಳನ್ನ ಬಿಟ್ಟು ಹೇಗೆ ಹೋಗ್ಲಿ..."

ತೊಮೊನಾರಿ ಮೈಕು ಆರಿಸಿರಲಿಲ್ಲ! ಗದ್ದೆಯಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು.

"ಯಾರನ್ನಪ್ಪಾ? ಚಿತ್ರದವಳನ್ನೋ, ನನ್ನ ಮೊಮ್ಮಗಳನ್ನೋ?" ಅಜ್ಜಿ ಕೆಳಗಿನಿಂದ ಕೂಗಿದಳು.

ಮೈಕಿನಲ್ಲೇ ಉತ್ತರ ಬಂತು. "ನಿಮ್ಮ ಮೊಮ್ಮಗಳನ್ನ, ಅಜ್ಜೀ!"

ನಗು, ಕೇಕೆ, ಸಿಳ್ಳೆ! ಚಿಗುಸಾ ಕೆಸರುಗೈಯಲ್ಲೇ ಮುಖ ಮುಚ್ಚಿಕೊಂಡಳು. ಬೆರಳ ಸಂದಿನಲ್ಲಿ ಅವನು ಏದುಸಿರು ಬಿಡುತ್ತಾ ಓಡಿ ಬರುವುದು ಕಂಡಿತು.

"ಮುಂದಿನ ವರ್ಷ ಬೇರೆ ಸರ್ವೇಯರ್ ಬರ್ತಾರಂತೆ?" ಎಂದಳು ಮೆಲ್ಲಗೆ.

"ಬರ್ಲಿ ಬಿಡಿ. ನಾನು ನಾಟಿಗೆ ಬರ್ತೀನಿ."

"ನಾಟಿ ಬರುತ್ತಾ ನಿಮಗೆ?"

"ಇಲ್ಲ. ನೀವು ಕಲಿಸ್ಬೇಕು."

"ಒಂದೆರಡು ವರ್ಷಕ್ಕೆಲ್ಲ ಬರೋ ವಿದ್ಯೆ ಅಲ್ಲ ಅದು..."

ತೊಮೊನಾರಿ ಅವಳ ಕೆಸರುಗೈ ಹಿಡಿದುಕೊಂಡ.

"ಗೊತ್ತು. ಅದಕ್ಕೇ ಕೇಳ್ತಿದೀನಿ."