ಬಂಗಲೆ ತೋಟದ ಬೇಲಿ

ರೋಜಾ ಗಿಡಗಳಿಗೆ ನೀರು ಬಿಡಲು ವೆಂಕಟಲಕ್ಷ್ಮಿ ಬಗ್ಗಿದ್ದಳಷ್ಟೆ. ಹಿಂದಿನಿಂದ ಬಂದ ಕೈಯೊಂದು ಅವಳ ಬಾಯಿ ಮುಚ್ಚಿತು!

ಇನ್ನೊಂದು ಕೈ ಅವಳನ್ನು ಎಳೆದುಕೊಂಡು ಹೋಗಿ ಬಂಗಲೆಯ ಕಲ್ಲುಕಂಬದ ಮರೆಗೆ ಒತ್ತಿತು. ಅವಳು ಹಿಂದೆಮುಂದೆ ನೋಡಲಿಲ್ಲ, ಆ ಕೈಯನ್ನು ಬಲವಾಗಿ ಕಚ್ಚಿಬಿಟ್ಟಳು.

ಕೈ ಸಡಿಲವಾಗಲಿಲ್ಲ.

"ಕಚ್ಚು, ಪರವಾಗಿಲ್ಲ. ಕೂಗ್ಬೇಡ ಅಷ್ಟೆ," ಕಿವಿಯ ಹತ್ತಿರ ಪಿಸುಮಾತು. "ಬಾಳೆ ಸಾಲಿನ ಕಡೆ ನೋಡು..."

ನೋಡಿದಳು. ಬೆಳಗಿನ ಮಂಜಿನೊಳಗೆ ಗೋಡೆಯಂಥದ್ದೇನೋ ಅಲುಗಾಡುತ್ತಿತ್ತು. ಆನೆ! ಒಂದಲ್ಲ, ಮೂರು! ಒಂದು ಬಾಳೆಗಿಡವನ್ನು ಸೌತೆಕಾಯಿ ಮುರಿದಂತೆ ಮುರಿದು ಬಾಯಿಗಿಟ್ಟುಕೊಳ್ಳುತ್ತಿತ್ತು. ಇನ್ನು ಹತ್ತು ಹೆಜ್ಜೆ ಮುಂದೆ ಹೋಗಿದ್ದರೆ ತಾನು ಅದರ ಕಾಲಡಿಗೇ ಸಿಗುತ್ತಿದ್ದಳು!

ಅರ್ಧ ಗಂಟೆ ಇಬ್ಬರೂ ಹಾಗೇ ನಿಂತರು. ಅವನ ಎದೆಬಡಿತ ಅವಳ ಬೆನ್ನಿಗೆ ತಾಗುತ್ತಿತ್ತು. ಆನೆಗಳು ಮುರಿದ ಕಾಂಪೌಂಡು ದಾಟಿ ಕಾಡಿನ ಕಡೆ ತಿರುಗಿದ ಮೇಲೇ ಅವನು ಕೈ ತೆಗೆದದ್ದು. ಅಂಗೈಯಲ್ಲಿ ರಕ್ತ.

"ಯಾರಯ್ಯಾ ನೀನು?"

"ಫಾರೆಸ್ಟ್ ವಾಚರ್. ಮುನಿರಾಜ್ ಅಂತ." ಕೈ ಒದರಿಕೊಂಡು ನಕ್ಕ. "ಆನೆ ಓಡ್ಸೋಕೆ ಬಂದೋನು ಮನುಷ್ರ ಕೈಲಿ ಕಚ್ಚಿಸ್ಕೊಂಡೆ!"

ಅವಳಿಗೆ ನಗು ಬಂತು, ಅಳುವೂ ಬಂತು.

ತೊರಪಲ್ಲಿಯಿಂದಾಚೆ, ಸಾನಮಾವು ಕಾಡಿನ ಅಂಚಿಗೆ ಇದ್ದ ಆ ಬಂಗಲೆಗೆ ಇಪ್ಪತ್ತೆರಡು ಬಾಗಿಲು. ಎದುರಿಗೆ ಹುಲ್ಲುಹಾಸು, ಅದರ ಸುತ್ತ ರೋಜಾ, ಸಂಪಿಗೆ, ಹಿಂದೆ ಬಾಳೆ. ಯಜಮಾನರು ಚೆನ್ನೈನಲ್ಲಿದ್ದರು, ವರ್ಷಕ್ಕೆ ಹತ್ತು ದಿನ ಬಂದು ಹೋಗುವರು. ಉಳಿದ ದಿನವೆಲ್ಲ ಆ ಅರಮನೆಯಂಥ ಮನೆಯನ್ನು ಕಾಯುತ್ತಿದ್ದದ್ದು ಮಾಲಿ ಸೊಣ್ಣಪ್ಪ ಮತ್ತು ಅವನ ಒಬ್ಬಳೇ ಮಗಳು ವೆಂಕಟಲಕ್ಷ್ಮಿ. ಇಬ್ಬರ ವಾಸ ಮಾತ್ರ ಹಿಂದಿನ ಔಟ್‌ಹೌಸಿನಲ್ಲಿ. ಸೊಣ್ಣಪ್ಪನ ಆಧಾರ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದ್ದರಿಂದ ಆ ಔಟ್‌ಹೌಸಿನ ಕರೆಂಟು ಮೀಟರು ಮಗಳ ಹೆಸರಿನಲ್ಲಿತ್ತು.

ಅವತ್ತಿನಿಂದ ಮುನಿರಾಜ್ ದಿನಾ ಬಂದ. ಆನೆ ಬಂದರೂ ಬಂದ, ಬರದಿದ್ದರೂ ಬಂದ.

"ಇವತ್ತು ಆನೆ ಎಲ್ಲವ್ವೆ?" ಕಾಫಿ ಲೋಟ ಕೊಡುತ್ತಾ ಅವಳು ಕೇಳುವಳು.

"ಡೆಂಕಣಿಕೋಟೆ ಕಡೆ."

"ಮತ್ತೆ ನೀನು ಇಲ್ಲಿ?"

"ಅಕಸ್ಮಾತ್ ತಿರುಗಿ ಬಂದ್ರೆ... ಅಂತ."

ಸೊಣ್ಣಪ್ಪ ಗುದ್ದಲಿ ಊರಿಕೊಂಡು ಅತ್ತ ಮುಖ ತಿರುಗಿಸಿ ನಗುತ್ತಿದ್ದ. ಸಂಕ್ರಾಂತಿ ಕಳೆದ ಮೇಲೆ ಅವ್ವನನ್ನು ಕಳಿಸುತ್ತೇನೆ, ಹೆಣ್ಣು ಕೇಳಲಿಕ್ಕೆ ಎಂದು ಮುನಿರಾಜ್ ಹೇಳಿದ ದಿನ ವೆಂಕಟಲಕ್ಷ್ಮಿ ಒಂದೇ ಪಾತಿಗೆ ಎರಡು ಸಲ ನೀರು ಬಿಟ್ಟಳು.

ಆದರೆ ಯಜಮಾನರ ಮಗಳ ಮದುವೆ ಆ ಹುಲ್ಲುಹಾಸಿನ ಮೇಲೇ ಆಗಬೇಕೆಂದು ತೀರ್ಮಾನವಾಯಿತು. ಅದೇ ವಾರ ಆನೆಗಳು ಮತ್ತೆ ಬಂದು ರೋಜಾ ಸಾಲನ್ನೆಲ್ಲ ತುಳಿದವು.

ಯಜಮಾನರ ಮ್ಯಾನೇಜರ್ ಲಕ್ಷ್ಮೀಪತಿ ಕಾರಿನಿಂದ ಇಳಿದವನೇ ಸೊಣ್ಣಪ್ಪನನ್ನು ಪಕ್ಕಕ್ಕೆ ಕರೆದೊಯ್ದ. ಮಾರನೇ ದಿನ ತೋಟದ ಸುತ್ತ ತಂತಿ ಬಂತು.

"ಏನಪ್ಪಾ ಇದು?"

"ಬ್ಯಾಟರಿ ಬೇಲಿ ಕಣವ್ವಾ. ಸುಮ್ನೆ ಜುಮ್ ಅಂತೈತೆ ಅಷ್ಟೆ." ಅಪ್ಪ ಅವಳ ಮುಖ ನೋಡದೆ ಹೇಳಿದ.

ಮುನಿರಾಜ್ ಕೇಳಿದಾಗ ಅವಳೂ ಅದನ್ನೇ ಹೇಳಿದಳು. ಅವಳ ಮಾತಿಗಿಂತ ದೊಡ್ಡ ಪರೀಕ್ಷೆ ಬೇಕೆಂದು ಅವನಿಗೂ ಅನ್ನಿಸಲಿಲ್ಲ. ಪ್ರೀತಿ ಮಾಡಿದವರು ತಂತಿ ಮುಟ್ಟಿ ನೋಡುತ್ತಾರೆಯೇ?

ನಾಲ್ಕನೇ ದಿನ ಬೆಳಿಗ್ಗೆ ಹುಲ್ಲುಹಾಸಿನ ಅಂಚಿನಲ್ಲಿ ಹೆಣ್ಣಾನೆಯೊಂದು ಮಗ್ಗುಲಾಗಿ ಬಿದ್ದಿತ್ತು. ಸೊಂಡಿಲಿನಲ್ಲಿ ಸುಟ್ಟ ಗೆರೆ. ದೂರದಲ್ಲಿ ಉಳಿದೆರಡು ಆನೆಗಳು ಕದಲದೆ ನಿಂತಿದ್ದವು.

ಮುನಿರಾಜ್ ಬಂದ. ಆನೆ ನೋಡಿದ, ತಂತಿ ಔಟ್‌ಹೌಸಿನ ಮೀಟರಿನ ತನಕ ಹೋಗಿದ್ದನ್ನು ನೋಡಿದ. ಕೊನೆಗೆ ಅವಳನ್ನು ನೋಡಿದ.

"ಬ್ಯಾಟರಿ ಅಂದ್ಯಲ್ಲ, ಲಕ್ಷ್ಮೀ..."

ಅವಳೂ ತಂತಿಯ ಜಾಡು ಹಿಡಿದು ಮೀಟರಿನ ತನಕ ನೋಡಿದಳು. 'ಅಯ್ಯೋ ದೇವರೇ! ನಂಗೆ ಗೊತ್ತಿರ್ಲಿಲ್ಲ ಅಂದ್ರೆ ಇವ್ನು ನಂಬ್ತಾನಾ?'

ಸಂಜೆಯೊಳಗೆ ಸೊಣ್ಣಪ್ಪನನ್ನು ಹಿಡಿದುಕೊಂಡು ಹೋದರು. ತಂತಿ ಎಳೆದದ್ದೂ ಸ್ವಿಚ್ ಹಾಕಿದ್ದೂ ಸೊಣ್ಣಪ್ಪನೇ, ನಾನು ಕಣ್ಣಾರೆ ನೋಡಿದೆ ಎಂದು ಬರೆದು ಸಹಿ ಹಾಕಿದವನು ಮುನಿರಾಜ್!

ಅವಳು ಫಾರೆಸ್ಟ್ ಆಫೀಸಿಗೆ ಓಡಿದಳು. ಎಲ್ಲರೆದುರಿಗೇ ಅವನ ಅಂಗಿ ಹಿಡಿದಳು.

"ನಮ್ಮನೇಲೇ ಕಾಫಿ ಕುಡ್ದು ನಮ್ಮಪ್ಪನ್ನೇ ಹಿಡ್ಕೊಟ್ಬುಟ್ಯಲ್ಲಾ! ಅಪ್ಪ ಮಾಡಿದ್ದು ಆ ಲಕ್ಷ್ಮೀಪತಿ ಹೇಳಿದ್ದಕ್ಕೆ ಅಂತ ನಿಂಗ್ ಗೊತ್ತಾಗ್ಲಿಲ್ವಾ? ನೀನ್ ಮನುಷ್ಯನೇನೋ!"

ಅವನು ತಲೆಯೆತ್ತಲಿಲ್ಲ. ಅವಳು ಅವನ ಮುಖಕ್ಕೆ ಉಗಿದಳು. ಆಗಲೂ ಎತ್ತಲಿಲ್ಲ.

ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು. ನಮಗೇನೂ ಗೊತ್ತಿಲ್ಲ, ಮಾಲಿ ತಾನಾಗಿ ಮಾಡಿದ್ದು ಎಂದರು ಯಜಮಾನರು. ಮದುವೆ ಚೆನ್ನೈನಲ್ಲೇ ನಡೆಯಿತು. ಬಂಗಲೆಗೆ ಬೀಗ ಬಿತ್ತು. ಔಟ್‌ಹೌಸ್ ಖಾಲಿ ಮಾಡಿ ಅವಳು ಅವಲಪಲ್ಲಿಯಲ್ಲಿ ಒಂದು ರೂಮಿಗೆ ಬಂದಳು, ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಜಾಮೀನಿಗೆ ಎರಡು ಸಲ ಅರ್ಜಿ ಹಾಕಿದಳು, ಎರಡು ಸಲವೂ ಇಲ್ಲವೆಂದರು. ಮಧ್ಯೆ ಒಮ್ಮೆ ತಡೆಯಲಾರದೆ ಬಂಗಲೆಯ ಗೇಟಿನ ತನಕ ಹೋಗಿ ಬಂದಳು. ಅಪ್ಪ ಮೂವತ್ತು ವರ್ಷ ಬೆವರು ಹರಿಸಿದ ತೋಟದಲ್ಲಿ ಒಂದು ಹಸಿರೆಲೆಯೂ ಕಾಣಲಿಲ್ಲ.

ಆರನೇ ತಿಂಗಳು ಜೈಲಿನಿಂದ ಫೋನ್. ಸೊಣ್ಣಪ್ಪನಿಗೆ ಲಕ್ವ ಹೊಡೆದಿತ್ತು.

ಜೈಲಿನ ಆಸ್ಪತ್ರೆಯ ಮಂಚದ ಮೇಲೆ ಅಪ್ಪ ಅರ್ಧ ಮನುಷ್ಯನಾಗಿದ್ದ. ಬಲಗೈ ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು.

"ಮುನಿರಾಜ... ಬಂದಿದ್ನಾ?"

"ಅವನ ಹೆಸರೆತ್ತಬೇಡ ಅಪ್ಪಾ!"

ಸೊಣ್ಣಪ್ಪ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದ.

"ಕೇಳು ಮಗಾ. ಮೀಟರು ನಿನ್ನ ಹೆಸ್ರಲ್ಲಿತ್ತು. ಕೇಸ್ ನಿನ್ನ ಮೇಲೇ ಬರ್ಸ್ತೀನಿ ಅಂತ ಲಕ್ಷ್ಮೀಪತಿ ಹೇಳ್ದ. ಪೇಪರ್ ರೆಡಿ ಮಾಡ್ಕೊಂಡೇ ಬಂದಿದ್ದ." ಉಸಿರೆಳೆದುಕೊಂಡ. "ನಾನೇ ಮುನಿರಾಜನ್ ಕಾಲ್ ಹಿಡ್ಕೊಂಡೆ. ಸ್ವಿಚ್ ಹಾಕಿದ್ದು ನಾನೇ ಅಲ್ವಾ? ನೋಡ್ದೆ ಅಂತ ಬರಿಯಪ್ಪಾ, ನನ್ನ ಮಗ್ಳು ಉಳ್ಕೊಳ್ಲಿ ಅಂದೆ. ಅವ್ನು ನೋಡಿರ್ಲಿಲ್ಲ. ಆದ್ರೂ ಬರ್ದ."

ವೆಂಕಟಲಕ್ಷ್ಮಿ ಅಪ್ಪನ ಮುಖದ ಹತ್ತಿರ ಬಗ್ಗಿದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನೇ ಹೋಗಿ ನನ್ನ ಬದ್ಲು ನಿಂತ್ಕೊಂಡ್ಬುಡ್ತಿದ್ದೆ. ಅದ್ಕೇ ಅವ್ನತ್ರಾನೂ ಮಾತ್ ತಗೊಂಡೆ."

ಮುನಿರಾಜ್ ವಾಚರ್ ಕೆಲಸದಲ್ಲಿರಲಿಲ್ಲ. ಕಣ್ಣಾರೆ ನೋಡಿದೆ ಎಂದು ಬರೆದುಕೊಟ್ಟವನನ್ನು ಸಾಹೇಬರು ಸಹಜವಾಗಿಯೇ ಕೇಳಿದ್ದರು: ನೋಡಿದವನು ಆಗಲೇ ಯಾಕೆ ತಡೆಯಲಿಲ್ಲ? ಆ ವಾರವೇ ತೆಗೆದುಹಾಕಿದ್ದರು.

ಅವನು ಬೇರಿಕೆ ಮಾರ್ಕೆಟ್ಟಿನಲ್ಲಿ ಸಿಕ್ಕಿದ. ಮಟಮಟ ಮಧ್ಯಾಹ್ನ, ಟೊಮೇಟೊ ಕ್ರೇಟುಗಳನ್ನು ಲಾರಿಗೆ ಹತ್ತಿಸುತ್ತಿದ್ದ. ಬಡಕಲಾಗಿದ್ದ. ಅವಳನ್ನು ಕಂಡು ಹೆಗಲ ಮೇಲಿನ ಕ್ರೇಟನ್ನು ಇಳಿಸಲೂ ಮರೆತು ನಿಂತ.

"ಅಪ್ಪ ಎಲ್ಲಾ ಹೇಳ್ದ," ಎಂದಳು.

ಅವನು ಮೆಲ್ಲಗೆ ಕ್ರೇಟು ಕೆಳಗಿಟ್ಟ.

"ನಾನು ನಿನ್ನ ಮುಖಕ್ಕೆ ಉಗ್ದೆ ಮುನಿರಾಜಾ..."

"ಉಗ್ದೆ. ಎದುರ್ಗೆ ನಿಂತು ಉಗೀತಾವ್ಳೆ ಅಂದ್ರೆ ಜೈಲಿಂದ ಹೊರ್ಗಡೆ ಅವ್ಳೆ ಅಂತ ಸಮಾಧಾನ ಆಯ್ತು."

ಅವಳ ಅಳು ಕಟ್ಟೆಯೊಡೆಯಿತು. ಲಾರಿ ಹತ್ತಿರದವರೆಲ್ಲ ತಿರುಗಿ ನೋಡಿದರು. ಅವಳಿಗೆ ಯಾವ ನಾಚಿಕೆಯೂ ಉಳಿದಿರಲಿಲ್ಲ.

"ಕೋರ್ಟಲ್ಲಿ ನಾನೇ ನಿಜ ಹೇಳ್ಬುಡ್ತೀನಿ!"

"ಹೇಳಿದ್ರೆ ನಿನ್ನೂ ಒಳಕ್ಕಾಕ್ತಾರೆ. ನಿಮ್ಮಪ್ಪ ಹೊರಕ್ ಬರಲ್ಲ. ಆತ ಪಟ್ಟಿದ್ದೆಲ್ಲಾ ನೀರಲ್ಲಿ ಹೋಮ ಆಯ್ತದೆ ಅಷ್ಟೆ." ಅವನು ಕಣ್ಣು ಕೆಳಗೆ ಹಾಕಿದ. "ಆ ಲಕ್ಷ್ಮೀಪತಿ ಕಾರು ಮೊನ್ನೆ ಇಲ್ಲೇ ಹೋಯ್ತು. ಗಾಜು ಕೂಡ ಇಳಿಸ್ಲಿಲ್ಲ."

ಹೇಳಿ ಪ್ರಯೋಜನವಿಲ್ಲವೆಂದು ಅವಳಿಗೂ ಗೊತ್ತಿತ್ತು. ಅಪ್ಪ ಇನ್ನೆಷ್ಟು ದಿನ ಎಂದು ಡಾಕ್ಟರೂ ಹೇಳಿರಲಿಲ್ಲ, ಮುಖ ಮಾತ್ರ ತಿರುಗಿಸಿದ್ದರು. ಮನೆಯಿಲ್ಲ, ತೋಟವಿಲ್ಲ. ಗೆಲ್ಲುವ ದಾರಿ ಎಲ್ಲಿಯೂ ಕಾಣಲಿಲ್ಲ. ಎದುರಿಗೆ ಈ ಒಬ್ಬನಿದ್ದ, ಅವಳಿಗೋಸ್ಕರ ಅವಳಿಂದಲೇ ಬೈಸಿಕೊಂಡವನು.

"ಸೋಮವಾರ ಅಪ್ಪನ್ನ ನೋಡಕ್ ಹೋಗ್ತೀನಿ. ನಿನ್ನೇ ಕೇಳ್ತಾವ್ನೆ. ಬತ್ತೀಯಾ?"

"ನನ್ನ ಬಿಡಲ್ಲ ಕಣೆ. ಮನೆಯೋರ್ನ ಮಾತ್ರ ಬಿಡೋದು. ಏನಾಗ್ಬೇಕು ಅಂತ ಗೇಟಲ್ಲೇ ಬರ್ಸ್ಕೊಂತಾರೆ."

"ಬರ್ಸು."

"ಏನಂತ?"

ವೆಂಕಟಲಕ್ಷ್ಮಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಳಿಯ ಅಂತ."

ಮುನಿರಾಜ್ ಮಣ್ಣಾದ ಕೈಯನ್ನು ಲುಂಗಿಗೆ ಉಜ್ಜಿ ಉಜ್ಜಿ ಒರೆಸಿದ.

"ಒಂದು ಸುಳ್ ಬರ್ಕೊಟ್ಟೇ ಸಾಕಾಗೋಗೈತೆ, ಲಕ್ಷ್ಮೀ..."

ಅವಳು ಮುಂದೆ ಬಂದು ಆ ಕೈ ಹಿಡಿದಳು.

"ಅಂಗಾದ್ರೆ ಭಾನುವಾರಾನೇ ಅದ್ನ ನಿಜ ಮಾಡ್ಬುಡು."